ಒಂದು ವಾರ್ಡ್ ಎಷ್ಟು ಸ್ಮಾರ್ಟ್? ಅಂಕಪಟ್ಟಿಯ ಹಿಂದಿನ ಲೆಕ್ಕಾಚಾರ

2021ರ ಮಾರ್ಚ್ 4ರಂದು ಕೇಂದ್ರದ ವಸತಿ ಮತ್ತು ನಗರ ವ್ಯವಹಾರಗಳ ಸಚಿವಾಲಯವು ಎರಡು ಪಟ್ಟಿಗಳನ್ನು ಒಟ್ಟಿಗೆ ಪ್ರಕಟಿಸಿತು. ನಗರದ ಬದುಕು ಎಷ್ಟು ಸುಗಮವಾಗಿದೆ ಎಂಬುದನ್ನು ಅಳೆದ ಮೊದಲನೆಯ ಪಟ್ಟಿಯಲ್ಲಿ, ಹತ್ತು ಲಕ್ಷಕ್ಕಿಂತ ಹೆಚ್ಚು ಜನಸಂಖ್ಯೆಯ ನಗರಗಳ ಪೈಕಿ ಬೆಂಗಳೂರು 66.70 ಅಂಕ ಪಡೆದು ದೇಶಕ್ಕೇ ಮೊದಲಾಗಿತ್ತು. ಪಾಲಿಕೆಗಳ ಕಾರ್ಯಕ್ಷಮತೆಯನ್ನು ಅಳೆದ ಎರಡನೆಯ ಪಟ್ಟಿಯಲ್ಲಿ ಅದೇ ಬೆಂಗಳೂರು 31ನೇ ಸ್ಥಾನದಲ್ಲಿತ್ತು. ಎರಡರಲ್ಲಿ ಒಂದು ಪಟ್ಟಿ ತಪ್ಪಾಗಿರಲೇಬೇಕು ಎಂದು ಭಾವಿಸಬೇಕಾಗಿಲ್ಲ. ಮೊದಲನೆಯದರಲ್ಲಿ ಜೀವನಮಟ್ಟಕ್ಕೆ ಶೇ 35, ಆರ್ಥಿಕ ಸಾಮರ್ಥ್ಯಕ್ಕೆ ಶೇ 15, ಸುಸ್ಥಿರತೆಗೆ ಶೇ 20, ನಾಗರಿಕರ ಅಭಿಪ್ರಾಯಕ್ಕೆ ಶೇ 30 ತೂಕವಿತ್ತು. ಎರಡನೆಯದು ಪಾಲಿಕೆಯ ಸೇವೆ, ಹಣಕಾಸು, ಯೋಜನೆ, ತಂತ್ರಜ್ಞಾನ ಮತ್ತು ಆಡಳಿತವನ್ನು ನೋಡಿತು. ಕೇಳಿದ ಪ್ರಶ್ನೆಗಳು ಬೇರೆಯಾಗಿದ್ದರಿಂದ ಉತ್ತರಗಳೂ ಬೇರೆಯಾದವು.

ಇಡೀ ನಗರವನ್ನು ಒಂದು ಘಟಕವೆಂದು ಹಿಡಿದಾಗಲೇ ಇಷ್ಟು ಅಂತರ ಕಾಣುವುದಾದರೆ, ನಗರದೊಳಗಿನ ವಲಯಗಳನ್ನೂ ವಾರ್ಡ್‌ಗಳನ್ನೂ ಒಂದೊಂದಾಗಿ ತೂಗಿ ‘ಇದು ಸ್ಮಾರ್ಟ್ ಸಿಟಿ ಮಾನದಂಡಕ್ಕೆ ಎಷ್ಟು ಹತ್ತಿರ’ ಎಂದು ಹೇಳಹೊರಟಾಗ ಕೆಲಸ ಇನ್ನಷ್ಟು ಕಠಿಣವಾಗುತ್ತದೆ. ಆದರೂ ಆ ಕೆಲಸ ಅಗತ್ಯ. ನೀರು, ಕಸ, ಮಳೆನೀರ ಚರಂಡಿ, ಬಸ್ಸು ಇವೆಲ್ಲ ಜನರಿಗೆ ಸಿಗುವುದು ಅವರು ವಾಸಿಸುವ ಬೀದಿಯಲ್ಲಿಯೇ ಹೊರತು ನಗರದ ಸರಾಸರಿಯಲ್ಲಿ ಅಲ್ಲ. ಇಂಥ ಮೌಲ್ಯಮಾಪನ ಹೇಗೆ ನಡೆಯುತ್ತದೆ, ಅದರ ಯಾವ ಹಂತದಲ್ಲಿ ಫಲಿತಾಂಶ ವಾಸ್ತವವಾಗಿ ನಿರ್ಧಾರವಾಗಿಬಿಡುತ್ತದೆ ಎಂಬುದನ್ನು ಬೆಂಗಳೂರನ್ನು ಮುಖ್ಯ ಉದಾಹರಣೆಯಾಗಿ ಇಟ್ಟುಕೊಂಡು ಇಲ್ಲಿ ವಿವರಿಸಲಾಗಿದೆ.

ಮಾನದಂಡವೆಂದರೆ ಯಾವುದು?

ಸ್ಮಾರ್ಟ್ ಸಿಟಿ ಮಿಷನ್‌ಗೆ ಕೇಂದ್ರ ಸರ್ಕಾರ ಚಾಲನೆ ನೀಡಿದ್ದು 2015ರ ಜೂನ್ 25ರಂದು. ನೂರು ನಗರಗಳನ್ನು ಆರಿಸಿದ ಆ ಯೋಜನೆಯಲ್ಲಿ ಕರ್ನಾಟಕದಿಂದ ದಾವಣಗೆರೆ, ಬೆಳಗಾವಿ, ಹುಬ್ಬಳ್ಳಿ–ಧಾರವಾಡ, ಮಂಗಳೂರು, ಶಿವಮೊಗ್ಗ, ತುಮಕೂರು ಸೇರಿದವು. ರಾಜ್ಯದ ನಗರಗಳಲ್ಲಿ ಬೆಂಗಳೂರು ಸೇರಿದ್ದು ಎಲ್ಲಕ್ಕಿಂತ ಕೊನೆಗೆ, 2017ರ ಜೂನ್‌ನಲ್ಲಿ. ಸ್ಮಾರ್ಟ್ ಸಿಟಿಗೆ ಎಲ್ಲರೂ ಒಪ್ಪಿದ ವ್ಯಾಖ್ಯೆಯೇ ಇಲ್ಲ ಎಂದು ಮಿಷನ್ನಿನ ಮಾರ್ಗಸೂಚಿ ಆರಂಭದಲ್ಲೇ ಒಪ್ಪಿಕೊಂಡಿದೆ. ವ್ಯಾಖ್ಯೆಯ ಬದಲಿಗೆ ಅದು ಹತ್ತು ಮೂಲ ಅಂಶಗಳನ್ನು ಹೆಸರಿಸುತ್ತದೆ: ಸಾಕಷ್ಟು ನೀರು, ಖಚಿತ ವಿದ್ಯುತ್, ಘನತ್ಯಾಜ್ಯವೂ ಸೇರಿದ ನೈರ್ಮಲ್ಯ, ಸಮರ್ಥ ಸಾರಿಗೆ, ಬಡವರಿಗೂ ಎಟುಕುವ ವಸತಿ, ಮಾಹಿತಿ ತಂತ್ರಜ್ಞಾನದ ಸಂಪರ್ಕ, ಉತ್ತಮ ಆಡಳಿತ, ಸುಸ್ಥಿರ ಪರಿಸರ, ಸುರಕ್ಷತೆ, ಆರೋಗ್ಯ ಮತ್ತು ಶಿಕ್ಷಣ. ಈ ಪಟ್ಟಿಯಲ್ಲಿ ನೀರು ಮೊದಲನೆಯದು, ತಂತ್ರಜ್ಞಾನ ಆರನೆಯದು. ‘ಸ್ಮಾರ್ಟ್’ ಎಂದ ಕೂಡಲೇ ಕ್ಯಾಮೆರಾ, ಸೆನ್ಸರ್, ಆ್ಯಪ್‌ಗಳೇ ನೆನಪಾಗುವ ನಮಗೆ ಈ ಕ್ರಮ ಮರೆತುಹೋಗಿದೆ.

ಅಂತರರಾಷ್ಟ್ರೀಯ ಮಟ್ಟದಲ್ಲಿಯೂ ಇಂಥ ಚೌಕಟ್ಟುಗಳು ಹಲವಿವೆ. ವಿಯೆನ್ನಾ ತಾಂತ್ರಿಕ ವಿಶ್ವವಿದ್ಯಾಲಯದ ರುಡಾಲ್ಫ್ ಗಿಫಿಂಗರ್ ಮತ್ತು ಸಂಗಡಿಗರು 2007ರಲ್ಲಿ ಯುರೋಪಿನ 70 ಮಧ್ಯಮ ಗಾತ್ರದ ನಗರಗಳನ್ನು ಆರ್ಥಿಕತೆ, ಜನ, ಆಡಳಿತ, ಸಂಚಾರ, ಪರಿಸರ, ಜೀವನ ಎಂಬ ಆರು ಮುಖಗಳಲ್ಲಿ ಹೋಲಿಸಿದರು. ಅನಂತರದ ಅಧ್ಯಯನಗಳಲ್ಲಿ ಹಲವು ಈ ಆರನ್ನೇ ಹಿಡಿದು ನಡೆದಿವೆ. ಅಂತರರಾಷ್ಟ್ರೀಯ ಮಾನಕ ಸಂಸ್ಥೆಯಾದ ಐಎಸ್‌ಒ, ನಗರಸೇವೆಗಳಿಗಾಗಿ 37120 ಸಂಖ್ಯೆಯ ಮಾನಕವನ್ನು 2014ರಲ್ಲಿಯೂ ಸ್ಮಾರ್ಟ್ ನಗರಗಳಿಗೆಂದೇ 37122 ಸಂಖ್ಯೆಯ ಮಾನಕವನ್ನು 2019ರಲ್ಲಿಯೂ ಹೊರತಂದಿತು. ಇವುಗಳಲ್ಲಿ ಒಂದು ಸೂಚಕವನ್ನು ಹೇಗೆ ಎಣಿಸಬೇಕು, ಛೇದದಲ್ಲಿ ಯಾವ ಸಂಖ್ಯೆ ಇರಬೇಕು ಎಂಬುದನ್ನು ನಿಖರವಾಗಿ ಹೇಳಲಾಗಿದೆ. ಆದರೆ ಅವು ನಗರವನ್ನು ನಗರದೊಂದಿಗೆ ಹೋಲಿಸಲು ಹುಟ್ಟಿದವು. ಚದರ ಕಿಲೋಮೀಟರ್ ಒಂದರ ವಾರ್ಡಿಗೆ ಅವನ್ನು ನೇರವಾಗಿ ತೊಡಿಸಿದರೆ ಅಪ್ಪನ ಅಂಗಿಯನ್ನು ಮಗುವಿಗೆ ಹಾಕಿದಂತಾಗುತ್ತದೆ.

ವಾರ್ಡ್ ಮಟ್ಟಕ್ಕೆ ಹೆಚ್ಚು ಒಗ್ಗುವುದು, ನನ್ನ ದೃಷ್ಟಿಯಲ್ಲಿ, ಕೇಂದ್ರ ನಗರಾಭಿವೃದ್ಧಿ ಸಚಿವಾಲಯವು 2008ರಲ್ಲಿ ನಿಗದಿ ಮಾಡಿದ ಸೇವಾಮಟ್ಟದ ಮಾನದಂಡಗಳು. ನೀರು, ಒಳಚರಂಡಿ, ಘನತ್ಯಾಜ್ಯ, ಮಳೆನೀರ ಚರಂಡಿ ಎಂಬ ನಾಲ್ಕೇ ಕ್ಷೇತ್ರಗಳಿಗೆ ಅವು 28 ಸೂಚಕಗಳನ್ನು ಕೊಟ್ಟು, ಪ್ರತಿಯೊಂದಕ್ಕೂ ತಲುಪಬೇಕಾದ ಗುರಿಯನ್ನೂ ಹೇಳಿದವು: ತಲೆಗೆ ದಿನಕ್ಕೆ 135 ಲೀಟರ್ ನೀರು, ದಿನದ 24 ಗಂಟೆಯೂ ಪೂರೈಕೆ, ಲೆಕ್ಕಕ್ಕೆ ಸಿಗದೆ ಹೋಗುವ ನೀರು ಶೇ 20ಕ್ಕೆ ಮೀರದಿರುವುದು, ವರ್ಷದಲ್ಲಿ ನೀರು ನಿಲ್ಲುವ ಪ್ರಸಂಗ ಸೊನ್ನೆ. ಇಂಥ ಸ್ಪಷ್ಟ ಗುರಿಯಿದ್ದರೆ ಮಾತ್ರ ‘ಮಾನದಂಡ’ ಎಂಬ ಪದಕ್ಕೆ ಅರ್ಥವಿರುತ್ತದೆ.

ಸೂಚಕದ ಆಯ್ಕೆ ಮತ್ತು ಹುಬ್ಬಳ್ಳಿ–ಧಾರವಾಡದ ಪಾಠ

ಸೂಚಕಗಳು ಮೂರು ಬಗೆಯವು. ಎಷ್ಟು ಹಣ ಅಥವಾ ಸಾಮಗ್ರಿ ಸುರಿಯಲಾಯಿತು ಎಂಬುದು ಒಂದು. ಅದರಿಂದ ಏನು ನಿರ್ಮಾಣವಾಯಿತು ಎಂಬುದು ಇನ್ನೊಂದು. ಜನರ ಬದುಕಿನಲ್ಲಿ ಏನು ಬದಲಾಯಿತು ಎಂಬುದು ಮೂರನೆಯದು. ಪೈಪಿಗೆ ಖರ್ಚಾದ ಕೋಟಿ, ಹಾಕಿದ ಪೈಪಿನ ಉದ್ದ, ನಲ್ಲಿಯಲ್ಲಿ ಬರುವ ನೀರಿನ ಗುಣ ಇವು ಮೂರೂ ‘ನೀರು’ ಎಂಬ ತಲೆಬರಹದ ಅಡಿಯಲ್ಲಿಯೇ ಬರುತ್ತವೆ, ಆದರೆ ಅವು ಹೇಳುವ ಕಥೆಗಳು ಒಂದೇ ಅಲ್ಲ. ಮೊದಲೆರಡರ ಲೆಕ್ಕ ಕಚೇರಿಯ ಕಡತದಲ್ಲಿ ಸುಲಭವಾಗಿ ಸಿಗುವುದರಿಂದ ಮೌಲ್ಯಮಾಪನಗಳು ಅಲ್ಲಿಗೇ ನಿಂತುಬಿಡುವುದು ಸಾಮಾನ್ಯ.

ಇದರ ಬೆಲೆ ಏನೆಂಬುದಕ್ಕೆ ಹುಬ್ಬಳ್ಳಿ–ಧಾರವಾಡದಷ್ಟು ಒಳ್ಳೆಯ ಉದಾಹರಣೆ ಸಿಗುವುದು ಅಪರೂಪ. ವಿಶ್ವಬ್ಯಾಂಕ್ ನೆರವಿನ ಯೋಜನೆಯಡಿ ಅವಳಿ ನಗರದ ಕೆಲವೇ ವಾರ್ಡ್‌ಗಳಿಗೆ 2008ರ ಹೊತ್ತಿಗೆ ನಿರಂತರ ನೀರು ಬರತೊಡಗಿತು. ಬೆಳಗಾವಿ ಮತ್ತು ಕಲಬುರಗಿಯ ಕೆಲವು ವಾರ್ಡ್‌ಗಳೂ ಈ ಪ್ರಯೋಗದಲ್ಲಿದ್ದವು. ಉಳಿದ ವಾರ್ಡ್‌ಗಳಲ್ಲಿ ಹಲವು ದಿನಗಳಿಗೊಮ್ಮೆ ಕೆಲವು ತಾಸು ನೀರು ಬಿಡುವ ಹಳೆಯ ಪದ್ಧತಿಯೇ ಮುಂದುವರಿಯಿತು. ಹೀಗೆ ಒಂದೇ ನಗರದೊಳಗೆ, ಒಂದೇ ಶುದ್ಧೀಕರಣ ಘಟಕದ ನೀರು ಎರಡು ರೀತಿಯಲ್ಲಿ ಮನೆ ಸೇರುತ್ತಿದ್ದಾಗ, ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಶಾಖೆಯ ಸಂಶೋಧಕರು ನಲ್ಲಿಯ ನೀರಿನ ಮಾದರಿಗಳನ್ನು ಪರೀಕ್ಷಿಸಿದರು. ಬಿಟ್ಟುಬಿಟ್ಟು ನೀರು ಬರುವ ವಾರ್ಡ್‌ಗಳ ಮಾದರಿಗಳಲ್ಲಿ ಹೆಚ್ಚುಕಡಿಮೆ ಮೂರರಲ್ಲೊಂದು ಭಾಗ ಇ. ಕೋಲಿ ಬ್ಯಾಕ್ಟೀರಿಯಾದಿಂದ ಕಲುಷಿತವಾಗಿತ್ತು. ನಿರಂತರ ಪೂರೈಕೆಯ ವಾರ್ಡ್‌ಗಳಲ್ಲಿ ಆ ಪ್ರಮಾಣ ನೂರಕ್ಕೆ ಒಂದಕ್ಕಿಂತಲೂ ಕಡಿಮೆ. ಕೊಳವೆಯಲ್ಲಿ ಒತ್ತಡ ಇಳಿದಾಗ ಬಿರುಕುಗಳ ಮೂಲಕ ಸುತ್ತಲಿನ ಕೊಳಚೆ ಒಳನುಗ್ಗುವುದು ಇದರ ಒಂದು ಮುಖ್ಯ ಕಾರಣ. ಈ ನಗರದ ವಾರ್ಡ್‌ಗಳನ್ನು ‘ನಲ್ಲಿ ಸಂಪರ್ಕವಿರುವ ಮನೆಗಳ ಶೇಕಡಾವಾರು’ ಎಂಬ ಸೂಚಕದಿಂದ ಮಾತ್ರ ಅಳೆದಿದ್ದರೆ ಎರಡೂ ಬಗೆಯ ವಾರ್ಡ್‌ಗಳು ಒಂದೇ ಅಂಕ ಪಡೆಯಬಹುದಿತ್ತು. ‘ಎಷ್ಟು ಗಂಟೆ ನೀರು’ ಎಂಬ ಪ್ರಶ್ನೆ ಸೇರಿದ ಕೂಡಲೇ ವ್ಯತ್ಯಾಸ ಹೊರಬೀಳುತ್ತದೆ.

ಬೆಂಗಳೂರಿನಲ್ಲಿ ಇದೇ ಎಚ್ಚರಿಕೆಯನ್ನು ಇನ್ನೊಂದು ರೀತಿಯಲ್ಲಿ ಅನ್ವಯಿಸಬೇಕು. 2007ರಲ್ಲಿ ಮಹಾನಗರ ಪಾಲಿಕೆಗೆ ಸೇರಿದ 110 ಹಳ್ಳಿಗಳಿಗೆಂದು ದಿನಕ್ಕೆ 77.5 ಕೋಟಿ ಲೀಟರ್ ಸಾಮರ್ಥ್ಯದ ಕಾವೇರಿ ಐದನೇ ಹಂತದ ಯೋಜನೆ ಉದ್ಘಾಟನೆಯಾದದ್ದು 2024ರ ಅಕ್ಟೋಬರ್‌ನಲ್ಲಿ. ಅದೇ ವರ್ಷದ ಬೇಸಿಗೆಯಲ್ಲಿ, ನಗರದ ಸುಮಾರು 14,000 ಸರ್ಕಾರಿ ಕೊಳವೆಬಾವಿಗಳ ಪೈಕಿ 6,900 ಬತ್ತಿವೆ ಎಂದು ಸರ್ಕಾರವೇ ಹೇಳಿತ್ತು. ವರ್ಷದ ಸರಾಸರಿ ತೆಗೆದರೆ ಈ ಬೇಸಿಗೆ ಕಾಣಿಸುವುದೇ ಇಲ್ಲ. ನೀರಿನ ಸೂಚಕವನ್ನು ಮಾರ್ಚ್ ತಿಂಗಳಲ್ಲಿ ಅಳೆಯಬೇಕು, ಚರಂಡಿಯ ಸೂಚಕವನ್ನು ಸೆಪ್ಟೆಂಬರ್‌ನಲ್ಲಿ. ಅದು ತಿರುವುಮುರುವಾದರೆ ಎಲ್ಲ ವಾರ್ಡ್‌ಗಳೂ ಪಾಸು.

ಗಡಿ ಮತ್ತು ಛೇದ

ಸೂಚಕ ಸಿಕ್ಕಿತೆನ್ನಿ, ಅಂಕಿಅಂಶ ವಾರ್ಡ್‌ವಾರು ಸಿಗಬೇಕಲ್ಲ. ನೀರಿನ ಲೆಕ್ಕ ಜಲಮಂಡಳಿಯ ಉಪವಿಭಾಗಗಳ ಪ್ರಕಾರ, ವಿದ್ಯುತ್ತಿನದು ಬೆಸ್ಕಾಂ ಉಪವಿಭಾಗಗಳ ಪ್ರಕಾರ, ಅಪರಾಧದ್ದು ಠಾಣಾ ಸರಹದ್ದಿನ ಪ್ರಕಾರ ಇರುತ್ತದೆ, ಮತ್ತು ಇವುಗಳಲ್ಲಿ ಯಾವುದರ ಗಡಿಯೂ ವಾರ್ಡಿನ ಗಡಿಗೆ ಕೂಡುವುದಿಲ್ಲ. ಆಗ ವಿಶ್ಲೇಷಕರು ವಿಸ್ತೀರ್ಣದ ಅಥವಾ ಜನಸಂಖ್ಯೆಯ ಅನುಪಾತದಲ್ಲಿ ಸಂಖ್ಯೆಯನ್ನು ಹಂಚುತ್ತಾರೆ. ಇದು ತಪ್ಪಲ್ಲ, ಆದರೆ ಅಂದಾಜು. ಗಾಳಿಯ ಗುಣಮಟ್ಟದಲ್ಲಿ ಈ ಸಮಸ್ಯೆ ಇನ್ನೂ ತೀವ್ರ: ವಾರ್ಡ್‌ಗಳ ಸಂಖ್ಯೆಗೆ ಹೋಲಿಸಿದರೆ ಮಾಪನ ಕೇಂದ್ರಗಳು ತೀರಾ ಕಡಿಮೆ ಇರುವುದರಿಂದ, ನಡುವಿನ ವಾರ್ಡ್‌ಗಳ ಅಂಕವು ಅಳೆದದ್ದಲ್ಲ, ಅಕ್ಕಪಕ್ಕದ ಕೇಂದ್ರಗಳಿಂದ ಊಹಿಸಿದ್ದು. ಅಳೆದ ಅಂಕಕ್ಕೂ ಊಹಿಸಿದ ಅಂಕಕ್ಕೂ ನಕ್ಷೆಯಲ್ಲಿ ಒಂದೇ ಬಣ್ಣ ಬಳಿಯುವುದು ಓದುಗರಿಗೆ ಮಾಡುವ ಮೋಸ ಎಂದೇ ನಾನು ಭಾವಿಸುತ್ತೇನೆ.

ಗಡಿಯೇ ಸ್ಥಿರವಾಗಿಲ್ಲದಿರುವುದು ಇನ್ನೊಂದು ತೊಡಕು. ಬೆಂಗಳೂರಿನ 198 ವಾರ್ಡ್‌ಗಳು 2022ರಲ್ಲಿ 243 ಆದವು, 2023ರಲ್ಲಿ 225 ಆದವು. 2025ರಲ್ಲಿ ಪಾಲಿಕೆಯೇ ಐದು ನಗರಪಾಲಿಕೆಗಳಾಗಿ ಒಡೆದು, ವಾರ್ಡ್‌ಗಳನ್ನು ಮತ್ತೊಮ್ಮೆ ವಿಂಗಡಿಸಲಾಯಿತು. ಜೊತೆಗೆ, ಹಳೆಯ ವಿಂಗಡಣೆಯಲ್ಲಿ ಪೇಟೆಯ ನಡುವಿನ ವಾರ್ಡೊಂದು ಒಂದು ಚದರ ಕಿಲೋಮೀಟರ್‌ಗಿಂತಲೂ ಚಿಕ್ಕದಿದ್ದರೆ, ಬೆಳ್ಳಂದೂರಿನಂಥ ಹೊರವಲಯದ ವಾರ್ಡ್ 20 ಚದರ ಕಿಲೋಮೀಟರ್‌ಗಿಂತ ದೊಡ್ಡದಿತ್ತು. ಅಷ್ಟು ದೊಡ್ಡ ವಾರ್ಡಿನೊಳಗೆ ಟೆಕ್ ಪಾರ್ಕ್, ಗೇಟೆಡ್ ಬಡಾವಣೆ, ಹಳೆಯ ಊರು, ಶೆಡ್ಡುಗಳ ಸಾಲು ಎಲ್ಲವೂ ಸೇರಿ ಒಂದೇ ಅಂಕವಾಗುತ್ತವೆ. ಗಡಿಯನ್ನು ಬೇರೆ ಕಡೆ ಎಳೆದರೆ, ನೆಲದ ಮೇಲೆ ಏನೂ ಬದಲಾಗದಿದ್ದರೂ, ಅಂಕ ಬದಲಾಗುತ್ತದೆ. ಭೂಗೋಳ ಶಾಸ್ತ್ರದಲ್ಲಿ ಇದು ಹಳೆಯ, ಹೆಸರಾಂತ ಸಮಸ್ಯೆ.

ಛೇದದಲ್ಲಿ ಕೂರುವ ಜನಸಂಖ್ಯೆಯ ವಿಷಯ ಇನ್ನೂ ಸೂಕ್ಷ್ಮ. ಕೊನೆಯ ಜನಗಣತಿ ನಡೆದದ್ದು 2011ರಲ್ಲಿ. ಆಗ ಬಿಬಿಎಂಪಿ ವ್ಯಾಪ್ತಿಯಲ್ಲಿದ್ದವರು ಸುಮಾರು 84 ಲಕ್ಷ. ಪೇಟೆಯ ಹಳೆಯ ವಾರ್ಡ್‌ಗಳಲ್ಲಿ ಅಂದಿನಿಂದ ಜನ ಅಷ್ಟೇನೂ ಹೆಚ್ಚಿರಲಾರರು. ಹೊರವರ್ತುಲ ರಸ್ತೆಯಾಚೆಯ ವಾರ್ಡ್‌ಗಳು ಊದಿಕೊಂಡಿವೆ. ತಲೆಗೆ 10ರಿಂದ 12 ಚದರ ಮೀಟರ್ ಬಯಲು ಜಾಗವಿರಬೇಕು ಎಂಬ ರಾಷ್ಟ್ರೀಯ ಯೋಜನಾ ಮಾರ್ಗಸೂಚಿಯನ್ನು ಹಿಡಿದು 2011ರ ಜನಸಂಖ್ಯೆಯಿಂದ ಭಾಗಿಸಿದರೆ, ವೇಗವಾಗಿ ಬೆಳೆದ ವಾರ್ಡಿಗೆ ಅದು ಅರ್ಹವಲ್ಲದ ಅಂಕ ಸಿಗುತ್ತದೆ. ಅಂದರೆ ತಪ್ಪು ಎಲ್ಲೆಡೆ ಸಮನಾಗಿ ಹರಡಿರುವುದಿಲ್ಲ. ಅದು ಹೊಸ ಬಡಾವಣೆಗಳ ಕೊರತೆಯನ್ನೇ ಮುಚ್ಚಿಡುವ ದಿಕ್ಕಿನಲ್ಲಿ ವಾಲಿರುತ್ತದೆ.

ನಾಗರಿಕರ ದೂರುಗಳನ್ನು ಸೂಚಕವಾಗಿ ಬಳಸುವಾಗ ಇದೇ ಬಗೆಯ ವಾಲಿಕೆ ಬೇರೆ ದಿಕ್ಕಿನಲ್ಲಿ ಕಾಣುತ್ತದೆ. ಆ್ಯಪ್‌ನಲ್ಲಿ ದೂರು ದಾಖಲಿಸುವವರು ಹೆಚ್ಚಿರುವ ಬಡಾವಣೆ ಸಮಸ್ಯೆಗಳ ತವರಂತೆ ತೋರುತ್ತದೆ. ದೂರುವುದನ್ನೇ ಬಿಟ್ಟುಬಿಟ್ಟ ಬಡಾವಣೆ ಸುಖಿಯಂತೆ ತೋರುತ್ತದೆ.

ಅಂಕಗಳನ್ನು ಕೂಡಿಸುವ ಬಗೆ

ಲೀಟರ್, ಗಂಟೆ, ಚದರ ಮೀಟರ್, ಶೇಕಡಾ ಇವನ್ನು ಹಾಗೆಯೇ ಕೂಡಿಸಲು ಬಾರದು. ಎಲ್ಲವನ್ನೂ ಸೊನ್ನೆಯಿಂದ ನೂರರ ಅಳತೆಗೆ ತರಬೇಕು. ಇಲ್ಲಿ ಎರಡು ದಾರಿಗಳಿವೆ. ಮೊದಲನೆಯದರಲ್ಲಿ ನಗರದ ಅತ್ಯುತ್ತಮ ವಾರ್ಡಿಗೆ ನೂರು, ಅತಿ ಹಿಂದುಳಿದದ್ದಕ್ಕೆ ಸೊನ್ನೆ ಕೊಟ್ಟು ಉಳಿದವನ್ನು ನಡುವೆ ಇಡಲಾಗುತ್ತದೆ. ಸರಳವಾದ್ದರಿಂದ ಇದೇ ಹೆಚ್ಚು ಬಳಕೆಯಲ್ಲಿದೆ. ಆದರೆ ಹಾಳೂರಿಗೆ ಉಳಿದವನೇ ಗೌಡ ಎಂಬಂತೆ, ಯಾವ ವಾರ್ಡಿನಲ್ಲಿಯೂ ದಿನವಿಡೀ ನೀರು ಬಾರದ ನಗರದಲ್ಲಿ ಆರು ಗಂಟೆ ನೀರು ಬರುವ ವಾರ್ಡಿಗೆ ನೂರಕ್ಕೆ ನೂರು ಸಿಕ್ಕಿಬಿಡುತ್ತದೆ. ಎರಡನೆಯ ದಾರಿಯಲ್ಲಿ ಗುರಿಯೇ ನೂರು: 24 ಗಂಟೆಗೆ ನೂರಾದರೆ ಆರು ಗಂಟೆಗೆ 25. ಮಾನದಂಡಕ್ಕೆ ಎಷ್ಟು ಹತ್ತಿರ ಎಂಬುದು ಪ್ರಶ್ನೆಯಾಗಿದ್ದರೆ ಎರಡನೆಯ ದಾರಿಯೊಂದೇ ಅದಕ್ಕೆ ಉತ್ತರ ಕೊಡಬಲ್ಲುದು.

ಮೊದಲ ದಾರಿಗೆ ಇನ್ನೊಂದು ವಿಚಿತ್ರ ಗುಣವಿದೆ: ಎಲ್ಲ ವಾರ್ಡ್‌ಗಳೂ ಒಂದೇ ರೀತಿ ಸೋತಿರುವ ಸೂಚಕ ಅದರಲ್ಲಿ ಮಾಯವಾಗುತ್ತದೆ. ಸಂವಿಧಾನದ 243-ಎಸ್ ವಿಧಿಯ ಪ್ರಕಾರ ಮೂರು ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನಸಂಖ್ಯೆಯ ನಗರಗಳಲ್ಲಿ ವಾರ್ಡ್ ಸಮಿತಿಗಳಿರಬೇಕು. 2020ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಸದಸ್ಯರ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಬೆಂಗಳೂರಿನ ಯಾವ ವಾರ್ಡಿಗೂ ಚುನಾಯಿತ ಸದಸ್ಯರಿರಲಿಲ್ಲ. ಪ್ರಾತಿನಿಧ್ಯವನ್ನು ಸೂಚಕವಾಗಿಟ್ಟರೆ ಎಲ್ಲೆಡೆಯೂ ಸೊನ್ನೆಯೇ. ಆದರೆ ವ್ಯತ್ಯಾಸವಿಲ್ಲದ ಸೂಚಕ ಶ್ರೇಯಾಂಕದ ಮೇಲೆ ಪರಿಣಾಮ ಬೀರದ ಕಾರಣ ವಿಶ್ಲೇಷಕರು ಅದನ್ನು ‘ಉಪಯೋಗವಿಲ್ಲ’ವೆಂದು ಕೈಬಿಡುತ್ತಾರೆ. ನಗರದ ಅತಿ ದೊಡ್ಡ ಕೊರತೆಗಳಲ್ಲೊಂದು ಹೀಗೆ ಲೆಕ್ಕದ ತಂತ್ರದಿಂದಲೇ ವರದಿಯ ಹೊರಗುಳಿಯುತ್ತದೆ.

ಅನಂತರದ್ದು ತೂಕದ ಪ್ರಶ್ನೆ. ಇದಕ್ಕೆ ಹೆಚ್ಚಾಗಿ ಬಳಸುವುದು ಅಮೆರಿಕದ ಗಣಿತಜ್ಞ ಥಾಮಸ್ ಸಾಟಿ 1970ರ ದಶಕದಲ್ಲಿ ರೂಪಿಸಿದ ಶ್ರೇಣೀಕೃತ ವಿಶ್ಲೇಷಣೆಯ ವಿಧಾನ. ತಜ್ಞರ ಮುಂದೆ ಸೂಚಕಗಳನ್ನು ಜೋಡಿಜೋಡಿಯಾಗಿ ಇಟ್ಟು, ಇದಕ್ಕಿಂತ ಇದು ಎಷ್ಟು ಪಟ್ಟು ಮುಖ್ಯ ಎಂದು 1ರಿಂದ 9ರವರೆಗಿನ ಮಾಪಕದಲ್ಲಿ ಕೇಳಲಾಗುತ್ತದೆ. ಸಾರಿಗೆಗಿಂತ ನೀರು ಮೂರು ಪಟ್ಟು, ಡಿಜಿಟಲ್ ಸಂಪರ್ಕಕ್ಕಿಂತ ಸಾರಿಗೆ ಎರಡು ಪಟ್ಟು ಮುಖ್ಯವೆಂದವರು, ಡಿಜಿಟಲ್‌ಗಿಂತ ನೀರು ಆರು ಪಟ್ಟು ಮುಖ್ಯವೆನ್ನಬೇಕು. ‘ಎರಡು ಪಟ್ಟು’ ಎಂದರೆ ಅವರ ಮಾತಿನಲ್ಲಿ ಹೊಂದಾಣಿಕೆಯಿಲ್ಲ. ಈ ಅಸಂಗತತೆ 0.10ರ ಮಿತಿ ದಾಟಿದರೆ ಉತ್ತರವನ್ನು ಮರುಪರಿಶೀಲಿಸಲು ಕೇಳುವುದು ವಾಡಿಕೆ. ತಜ್ಞರ ಮಾತು ಒಂದಕ್ಕೊಂದು ಹೊಂದುತ್ತದೆಯೇ ಎಂಬುದನ್ನು ಈ ವಿಧಾನ ಪರೀಕ್ಷಿಸುತ್ತದೆಯೇ ಹೊರತು ಅವರ ಮಾತು ಸರಿಯೇ ಎಂಬುದನ್ನಲ್ಲ.

ತೂಕದ ಬಲ ಎಷ್ಟೆಂದು ತಿಳಿಯಲು ಒಂದು ಕಾಲ್ಪನಿಕ ಲೆಕ್ಕ ಸಾಕು. ‘ಅ’ ವಾರ್ಡಿಗೆ ನೀರಿನಲ್ಲಿ 20, ಸಾರಿಗೆಯಲ್ಲಿ 70, ಡಿಜಿಟಲ್ ಸಂಪರ್ಕದಲ್ಲಿ 96 ಅಂಕ. ‘ಆ’ ವಾರ್ಡಿಗೆ ಮೂರರಲ್ಲಿಯೂ 60. ಸಮಾನ ತೂಕದಲ್ಲಿ ‘ಅ’ಗೆ 62, ‘ಆ’ಗೆ 60, ‘ಅ’ ಮುಂದು. ಮೇಲೆ ಹೇಳಿದ 6:2:1ರ ತೂಕದಲ್ಲಿ ‘ಅ’ ಸುಮಾರು 40ಕ್ಕೆ ಕುಸಿಯುತ್ತದೆ. ತೂಕವನ್ನು ತಲೆಕೆಳಗು ಮಾಡಿ ಡಿಜಿಟಲ್‌ಗೆ 6, ನೀರಿಗೆ 1 ಕೊಟ್ಟರೆ ಅದೇ ವಾರ್ಡು 82ಕ್ಕೇರುತ್ತದೆ. ‘ಆ’ ಮಾತ್ರ ಎಲ್ಲದರಲ್ಲಿಯೂ 60ರಲ್ಲೇ ಇರುತ್ತದೆ.

ತೂಕವನ್ನು ಮುಟ್ಟದೆಯೂ ಫಲಿತಾಂಶ ಬದಲಿಸಬಹುದು. ಅಂಕಗಳನ್ನು ಕೂಡಿಸಿ ಭಾಗಿಸುವ ಬದಲು ಗುಣಿಸಿ ಘನಮೂಲ ತೆಗೆದರೆ ‘ಅ’ಗೆ ಸಿಗುವುದು 51. ಒಂದರಲ್ಲಿ ತೀರಾ ಕಡಿಮೆಯಿದ್ದರೆ ಇನ್ನೊಂದರ ಹೆಚ್ಚಳ ಅದನ್ನು ಪೂರ್ತಿ ತುಂಬಿಕೊಡಲಾಗದಂತೆ ಈ ಗುಣೋತ್ತರ ಸರಾಸರಿ ತಡೆಯುತ್ತದೆ. ವಿಶ್ವಸಂಸ್ಥೆಯ ಮಾನವ ಅಭಿವೃದ್ಧಿ ಸೂಚ್ಯಂಕವು 2010ರಲ್ಲಿ ಸಾಮಾನ್ಯ ಸರಾಸರಿಯನ್ನು ಬಿಟ್ಟು ಇದಕ್ಕೆ ಬದಲಾದದ್ದು ಈ ಕಾರಣಕ್ಕಾಗಿಯೇ. ಟಾಪ್ಸಿಸ್ ಎಂಬ ಇನ್ನೊಂದು ಜನಪ್ರಿಯ ವಿಧಾನವು ಆದರ್ಶ ವಾರ್ಡೊಂದನ್ನೂ ಅತಿ ಕಳಪೆ ವಾರ್ಡೊಂದನ್ನೂ ಕಲ್ಪಿಸಿಕೊಂಡು ಅವೆರಡರಿಂದಿರುವ ದೂರವನ್ನು ಅಳೆಯುತ್ತದೆ. ಸಾಮಾನ್ಯ ಸರಾಸರಿಯಂತೆ ಅದೂ ಕೊರತೆಯನ್ನು ಹೆಚ್ಚಳದಿಂದ ತುಂಬಿಕೊಳ್ಳಲು ಸಾಕಷ್ಟು ಅವಕಾಶ ಕೊಡುತ್ತದೆ.

ಇದು ಬರಿಯ ಗಣಿತದ ಚರ್ಚೆಯಲ್ಲ. 2022ರ ಸೆಪ್ಟೆಂಬರ್ ಮೊದಲ ವಾರದಲ್ಲಿ ಮಹದೇವಪುರ ವಲಯದ ಬೆಳ್ಳಂದೂರು, ಯಮಲೂರು, ಸರ್ಜಾಪುರ ರಸ್ತೆಯ ಬಡಾವಣೆಗಳು ಮುಳುಗಿ, ಸಾಫ್ಟ್‌ವೇರ್ ಉದ್ಯೋಗಿಗಳು ಟ್ರ್ಯಾಕ್ಟರ್ ಏರಿ ಕಚೇರಿಗೆ ಹೋದದ್ದನ್ನು ದೇಶವೆಲ್ಲ ನೋಡಿತು. ಉದ್ಯೋಗ, ಇಂಟರ್ನೆಟ್, ಡಿಜಿಟಲ್ ಪಾವತಿ ಎಂದು ಆಯ್ದರೆ ನಗರದಲ್ಲಿ ಆ ವಲಯಕ್ಕೆ ಸಾಟಿಯಾಗುವವು ಕೆಲವೇ. ಮಳೆನೀರು ಹರಿದುಹೋಗಲು ಕೆರೆಯಿಂದ ಕೆರೆಗಿದ್ದ ರಾಜಕಾಲುವೆ ಮಾತ್ರ ಅಲ್ಲಲ್ಲಿ ಕಿರಿದಾಗಿ, ಅಲ್ಲಲ್ಲಿ ಕಾಣೆಯಾಗಿತ್ತು. ಹೀಗಾಗಿ ಸರಾಸರಿಗಿಂತ ಮೊದಲು ಹೊಸ್ತಿಲು ಇರಬೇಕು ಎಂಬುದು ನನ್ನ ವಾದ. ಕುಡಿಯುವ ನೀರು, ಒಳಚರಂಡಿ, ಮಳೆನೀರ ಚರಂಡಿ, ಕಸ ಈ ನಾಲ್ಕರಲ್ಲಿ ಕನಿಷ್ಠ ಮಟ್ಟ ಮುಟ್ಟದ ವಾರ್ಡಿಗೆ ಒಟ್ಟು ಅಂಕವನ್ನೇ ಕೊಡಬಾರದು. ಯಾವ ಹೊಸ್ತಿಲಲ್ಲಿ ಅದು ಎಡವಿತು ಎಂಬುದನ್ನು ಮಾತ್ರ ಬರೆಯಬೇಕು. ವೈಫೈ ಚೆನ್ನಾಗಿದೆಯೆಂಬ ಕಾರಣಕ್ಕೆ ಮನೆಯೊಳಗೆ ನುಗ್ಗಿದ ನೀರು ಕಡಿಮೆಯಾಗುವುದಿಲ್ಲ.

ಹಣ ಎಲ್ಲಿ ಬಿತ್ತು ಎಂಬುದನ್ನೂ ಅಂಕಪಟ್ಟಿಯ ಪಕ್ಕದಲ್ಲಿಟ್ಟು ನೋಡಬೇಕು. ಈಗಾಗಲೇ ಕಟ್ಟಿದ ಪ್ರದೇಶದ ಸುಧಾರಣೆಗೆ ಮಿಷನ್ ಕೇಳಿದ್ದು ಕನಿಷ್ಠ 500 ಎಕರೆ, ಅಂದರೆ ಸುಮಾರು 2 ಚದರ ಕಿಲೋಮೀಟರ್. ಬೆಂಗಳೂರಿನ ವಿಸ್ತೀರ್ಣ 700 ಚದರ ಕಿಲೋಮೀಟರ್‌ಗೂ ಹೆಚ್ಚು. ಇಲ್ಲಿ ಕಣ್ಣಿಗೆ ಬಿದ್ದ ಕಾಮಗಾರಿಗಳಲ್ಲಿ ಬಹಳಷ್ಟು ಕಮರ್ಷಿಯಲ್ ಸ್ಟ್ರೀಟ್, ಇನ್‌ಫೆಂಟ್ರಿ ರಸ್ತೆ, ರೇಸ್‌ಕೋರ್ಸ್ ರಸ್ತೆ, ಕಬ್ಬನ್ ಉದ್ಯಾನದಂಥ ಕೇಂದ್ರಭಾಗದಲ್ಲಿ ನಡೆದವು. ಕಾವೇರಿ ನೀರೂ ಒಳಚರಂಡಿಯೂ ದಶಕಗಳ ಹಿಂದೆಯೇ ತಲುಪಿದ್ದ ವಾರ್ಡ್‌ಗಳವು. 2025ರ ಮಾರ್ಚ್ 31ಕ್ಕೆ ಮಿಷನ್ ಮುಗಿದ ಮೇಲೆ ವಾರ್ಡ್‌ವಾರು ಮೌಲ್ಯಮಾಪನ ಮಾಡಿ ‘ಸ್ಮಾರ್ಟ್ ಸಿಟಿ ಯೋಜನೆಯಿದ್ದ ವಾರ್ಡ್‌ಗಳೇ ಮುಂದಿವೆ’ ಎಂದರೆ, ಯೋಜನೆಯಿಂದ ಮುಂದೆ ಬಂದವೋ, ಮುಂದಿದ್ದವೇ ಯೋಜನೆಗೆ ಆಯ್ಕೆಯಾದವೋ ಎಂಬ ಪ್ರಶ್ನೆ ಉಳಿಯುತ್ತದೆ. ಅದಕ್ಕೆ ಉತ್ತರಿಸಲು ಕಾಮಗಾರಿಗೆ ಮುಂಚಿನ ಅಳತೆಯೂ ಬೇಕು.

ಶ್ರೇಯಾಂಕವನ್ನು ಓದುವಾಗ ಒಂದು ಪರೀಕ್ಷೆ ಬಹಳ ಉಪಯುಕ್ತ. ತೂಕಗಳನ್ನು ಹತ್ತಾರು ರೀತಿಯಲ್ಲಿ ಬದಲಿಸಿ ಲೆಕ್ಕವನ್ನು ಮತ್ತೆಮತ್ತೆ ಮಾಡಿದಾಗ ನಡುವಿನ ವಾರ್ಡ್‌ಗಳು ಸಾಮಾನ್ಯವಾಗಿ ಮೇಲೆಕೆಳಗೆ ಜಿಗಿದಾಡುತ್ತವೆ. 57ನೇ ಸ್ಥಾನಕ್ಕೂ 63ನೇ ಸ್ಥಾನಕ್ಕೂ ನಡುವಿನ ವ್ಯತ್ಯಾಸಕ್ಕೆ ಅರ್ಥವಿಲ್ಲವೆಂದು ಅಲ್ಲಿಯೇ ತಿಳಿಯುತ್ತದೆ. ತೂಕ ಹೇಗೆ ಬದಲಿಸಿದರೂ ಕೊನೆಯ ಸಾಲಿನಿಂದ ಮೇಲೇಳದ ವಾರ್ಡ್‌ಗಳಿದ್ದರೆ ಅವು ಮಾತ್ರ ಗಟ್ಟಿ ಫಲಿತಾಂಶ. ಮುಂದಿನ ಜನಗಣತಿಯ ಉಲ್ಲೇಖ ದಿನಾಂಕ 2027ರ ಮಾರ್ಚ್ 1. ಮನೆಪಟ್ಟಿ ಹಂತದಲ್ಲಿ ಕುಡಿಯುವ ನೀರಿನ ಮೂಲ, ಶೌಚಾಲಯ, ಇಂಟರ್ನೆಟ್ ಎಲ್ಲದರ ಬಗ್ಗೆ ಪ್ರಶ್ನೆಗಳಿವೆ. ಆ ಮಾಹಿತಿಯನ್ನು ವಾರ್ಡಿಗೆ ಕಟ್ಟಿಹಾಕದೆ, ಗಣತಿದಾರರ ಚಿಕ್ಕ ಬ್ಲಾಕ್‌ಗಳ ಮಟ್ಟದಲ್ಲಿ ಇಟ್ಟುಕೊಂಡು, ಬೇಕಾದಾಗ ಅಂದಿನ ಗಡಿಗೆ ತಕ್ಕಂತೆ ಕೂಡಿಸಿಕೊಳ್ಳುವ ಏರ್ಪಾಡು ಮಾಡಿದರೆ, ಇನ್ನೊಮ್ಮೆ ವಾರ್ಡ್‌ಗಳು ಮರುವಿಂಗಡಣೆಯಾದರೂ ಹಿಂದಿನ ಅಳತೆ ವ್ಯರ್ಥವಾಗುವುದಿಲ್ಲ.